ನವೀದನ ಕಲಮು

ವಿಮಾನವೊಂದು ಏಳುವ ಸದ್ದು ಕಿಟಕಿಯ ಗಾಜನ್ನು ಅದುರಿಸಿ ಹೋಯಿತು, ಲೋಟದ ನೀರು ಸಣ್ಣಗೆ ನಡುಗಿ ಸುಮ್ಮನಾಯಿತು, ಗೋವಾದ ದಾಬೋಳಿ ನಿಲ್ದಾಣದಿಂದ ಸಮುದ್ರದ ಕಡೆಗೆ ಎದ್ದದ್ದು ಅದು, ಒಳಗೆ ಯಾರಿದ್ದಾರೋ, ಮಲಗಿ ಎದ್ದು ಬಂದಿದ್ದಾರೋ ಇಲ್ಲವೋ, ಎಂದುಕೊಳ್ಳುತ್ತ ಮೀನಾ ಮೇಜಿನ ಆಚೆಗಿದ್ದ ಹೆಂಗಸಿನ ತುಟಿಗಳನ್ನೇ ನೋಡುತ್ತಿದ್ದಳು — ಕಂಪನಿಯ ಪರವಾಗಿ ಮಾತಾಡಲು ದಿಲ್ಲಿಯಿಂದ ಬಂದವಳು, ಹಸಿರು ಸೀರೆ, ದನಿಯಲ್ಲಿ ಎಳ್ಳಷ್ಟೂ ಸಿಟ್ಟಿಲ್ಲ, ನೀವು ಕೇಳಿದ್ದಕ್ಕಿಂತ ಹೆಚ್ಚೇ ಸಂಬಳ ಕೊಡುತ್ತಿದ್ದೇವೆ ಕ್ಯಾಪ್ಟನ್, ವಿಶ್ರಾಂತಿಯ ಆ ಕಲಮೊಂದನ್ನು ಕೈಬಿಡಿ, ಇವತ್ತೇ ಒಪ್ಪಂದ ಮುಗಿಸೋಣ — ಕಲಮೊಂದನ್ನು ಅನ್ನುವಾಗ ಅವಳ ಬೆರಳು ಮೇಜಿನ ಮೇಲಿನ ಬಿಸ್ಕತ್ತಿನ ಚೂರನ್ನು ಒರೆಸಿ ಹಾಕಿತು, ಅವಳಿಗೆ ಗೊತ್ತಿಲ್ಲ, ಪೈಲಟ್‌ಗಳ ನಡುವೆ ಅದಕ್ಕೆ ಬೇರೆ ಹೆಸರಿದೆ, ನವೀದನ ಕಲಮು, ಎರಡು ರಾತ್ರಿ ಒಂದರ ಬೆನ್ನಿಗೊಂದು ಹಾರಿಸಿದವನಿಗೆ ಮೂರನೆಯ ರಾತ್ರಿ ಮನೆಯ ಹಾಸಿಗೆ, ಇಷ್ಟೇ ಅದರ ಅರ್ಥ, ಇಷ್ಟಕ್ಕಾಗಿ ಸಂಘ ವರ್ಷವಿಡೀ ಜಗ್ಗಾಡಿತ್ತು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹಾರಿಸಿದ್ದಾಯಿತು, ಇಷ್ಟು ಸಂಬಳದವರಿಗೂ ಗೋಳೇ ಎಂದು ಜನ ನಕ್ಕಿದ್ದಾಯಿತು. ಪಕ್ಕದಲ್ಲಿ ಸಂಘದ ಅಧ್ಯಕ್ಷ ಪರಮಣ್ಣ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಬರುವ ವರ್ಷ ನಿವೃತ್ತಿ ಅವರಿಗೆ, ಊಟದ ನಂತರ ಹೇಳ್ತೀವಿ ಮೇಡಂ, ಮೆಂಬರ್‌ಗಳನ್ನ ಕೇಳಬೇಕು ಎಂದು ಎದ್ದರು, ಎಲ್ಲರೂ ಎದ್ದರು, ಮೀನಾ ಮಾತ್ರ ಎದ್ದವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು, ಬೆಳಗಾಗುವ ಮುಂಚೆ ತಾನೂ ಒಂದು ವಿಮಾನ ಇಳಿಸಿ, ಮುಖ ತೊಳೆದು, ನೇರ ಇಲ್ಲಿಗೆ ಬಂದವಳು, ಕಾಲ ಕೆಳಗಿನ ರತ್ನಗಂಬಳಿ ಅಲೆಯಂತೆ ತುಸು ಮೇಲೆದ್ದು ಇಳಿಯಿತು.

ಸಂಘದ ಪೈಲಟ್‌ಗಳ ಫೋನುಗಳಿಗೆ ಪ್ರಶ್ನೆ ಹೋಯಿತು, ಸಂಬಳ ಒಪ್ಪಿ ಕಲಮು ಬಿಡಬೇಕೋ ಬೇಡವೋ, ಉತ್ತರ ಬರುವವರೆಗೆ ಹೊರಗೆ ಹುಲ್ಲಿನ ಮೇಲೆ, ಗೇರುಮರದ ನೆರಳಲ್ಲಿ, ಯಾರೋ ಚಹಾ ತಂದುಕೊಟ್ಟರು, ಬಿಸಿಲು ಕಣ್ಣಿಗೆ ಮರಳು ತೂರಿದಂತೆ — ಫೋಂಡಾದಲ್ಲಿ ತಾನು ಬೆಳೆದ ಓಣಿಯಲ್ಲೂ ಹೀಗೇ ಬಿಸಿಲು, ತಗಡಿನ ಮನೆಗಳು, ಕೊಪ್ಪಳದ ಕಡೆಯಿಂದ ಸಿಮೆಂಟ್ ಕಲಸಲು ಬಂದ ಅಪ್ಪ ಹೊಳೆಪ್ಪ, ಎದುರು ಮನೆಯ ಮರಿಯಮ, ಬಾಗಲಕೋಟೆಯವಳು, ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿ ಇಟ್ಟ ಗಟ್ಟಿ ಹೆಂಗಸು, ಮೀನಾಗೆ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕು ವಿಮಾನ ಕಲಿಯಲು ಹೊರಟಾಗ ಕೈತುಂಬ ಬಳೆ ತೊಡಿಸಿ, ಮ್ಯಾಲೆ ಹೋದಾಗ ನಮ್ಮ ಓಣಿ ಕಾಣ್ತದೇನ ನೋಡವ್ವ ಅಂದವಳು, ಅವಳ ಮಗ ನವೀದ, ನೀ ಹೋದ ದಾರಿಲೇ ನಾನೂ ಬರ್ತೀನಕ್ಕ ಅಂದವನು, ಖರೇ ಬಂದೇಬಿಟ್ಟ, ಸಾಲ ತೆಗೆದು ಕಲಿತು, ಒಂದು ದಿನ ಅವಳ ಬಲಗಡೆಯ ಸೀಟಿನಲ್ಲಿ ಬಂದು ಕೂತು ಬೆಲ್ಟು ಬಿಗಿಯುತ್ತ, ಗುಡ್ ಮಾರ್ನಿಂಗ್ ಕ್ಯಾಪ್ಟನ್ ಅಂದು, ಮೈಕ್ ಮುಚ್ಚಿ, ಅಕ್ಕಾರ ಅನ್ನಲೋ ಕ್ಯಾಪ್ಟನ್ ಅನ್ನಲೋ ಹೇಳ್ರಿ ಮೊದಲು. ಇಬ್ಬರೂ ಎಷ್ಟು ನಕ್ಕಿದ್ದರು. ನಗು ನೆನಪಾದ ಕೂಡಲೇ ಆ ಕೊರಳು ನೆನಪಾಗುತ್ತದೆ, ತಡೆಯಲು ಆಗುವುದಿಲ್ಲ, ಪೂರ್ವದಲ್ಲಿ ಕಿತ್ತಳೆಯ ಗೆರೆ ಮೂಡುವ ಹೊತ್ತು, ಮೋಡದ ಮೇಲೆ ವಿಮಾನ ತಾನೇ ತೇಲುತ್ತಿದೆ, ಅಕ್ಕಾರ, ಸ್ವಲ್ಪ ಕಣ್ಣ ಮುಚ್ಚಲೇನ್ರಿ, ಮುಚ್ಚಪ, ನಾ ಅದೀನಿ, ನಿಯಮದಲ್ಲಿ ಒಪ್ಪಿದ ಪುಟ್ಟ ನಿದ್ದೆ, ಅವನ ತಲೆ ಒಂದೊಂದೇ ಗೆಣ್ಣು ಇಳಿದಂತೆ ಇಳಿದು ಎಡ ಭುಜಕ್ಕೆ ವಾಲಿತು, ಬಾಯಿ ತುಸು ತೆರೆದು, ಕಾಲರಿನ ಮೇಲೆ ಕತ್ತಿನ ಒಂದು ನರ ಮಿಡಿಯುತ್ತ, ಇಷ್ಟು ದೊಡ್ಡ ಆಕಾಶದಲ್ಲಿ ಅಷ್ಟು ಸಣ್ಣ ಮಿಡಿತ.

ಅವನು ಹೋದ ದಿನ ಅವಳು ಅವನ ಜೊತೆಗಿರಲಿಲ್ಲ, ಬೇರೆ ಯಾರೊಂದಿಗೋ ಹಾರಿಸಿ ಮೋಪಾದ ನಿಲ್ದಾಣದಲ್ಲಿ ಇಳಿಸಿದ್ದ, ಸಾಲು ಸಾಲು ರಾತ್ರಿಗಳ ಕೊನೆಯದು, ನೂರೆಂಬತ್ತು ಜನ ಕ್ಷೇಮವಾಗಿ ಇಳಿದು ತಮ್ಮ ತಮ್ಮ ಚೀಲ ಎತ್ತಿಕೊಂಡು ಹೋದರು, ಅವನು ತನ್ನ ಕಾರು ಹತ್ತಿದ, ಮನೆಯ ದಾರಿಯಲ್ಲಿ, ಕುಂಡಯಿಯ ತಿರುವಿನಲ್ಲಿ ಕೆಟ್ಟು ನಿಂತ ಟ್ರಕ್ಕು, ಒಳ್ಳೆಯ ಬಿಸಿಲು, ಒಣಗಿದ ರಸ್ತೆ, ಬ್ರೇಕಿನ ಗುರುತೇ ಇರಲಿಲ್ಲವಂತೆ. ಕುಂಡಯಿಯ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದ ಮೀನಾಳ ಅಪ್ಪ ಪಾಳಿ ಮುಗಿಸಿ ಹೊರಗೆ ಬಂದವನು ಓಡಿದ, ಅಪ್ಪನೇ ಫೋನು ಮಾಡಿದ್ದು, ಮೀನಾ, ಯವ್ವಾ, ನಮ್ಮ ನವೀದ, ಮಲಗಿದಂಗ ಅದಾನ, ತಲಿ ಒಂದ ಬಾಜೂ ಮಾಡಿ ಮಲಗಿದಂಗ, ಎಬ್ಬಿಸಿದೆ, ಭಾಳ ಎಬ್ಬಿಸಿದೆ. ಎಡ ಭುಜಕ್ಕೆ ವಾಲಿದ ತಲೆ. ಯಾವ ಬಾಜೂ ಎಂದು ಅವಳು ಅಪ್ಪನನ್ನು ಇವತ್ತಿಗೂ ಕೇಳಿಲ್ಲ, ಕೇಳದೆಯೂ ಗೊತ್ತು. ಕೆಲಸ ಮುಗಿದ ಮೇಲಿನ ನಿದ್ದೆ ಸಿಬ್ಬಂದಿಯ ಖಾಸಗಿ ವಿಷಯ, ಕಂಪನಿ ಅಂದಿತ್ತು.

ಫೋನುಗಳು ಒಂದರ ಹಿಂದೊಂದು ಗುಂಯ್‌ಗುಟ್ಟಿದವು, ಪರಮಣ್ಣ ನೋಡಿದರು, ಮುಖದಲ್ಲಿ ಏನೂ ಬದಲಾಗಲಿಲ್ಲ, ಮುಕ್ಕಾಲು ಪಾಲು ಜನ ಒಪ್ಪಂದಕ್ಕ ಹೂಂ ಅಂದಾರವ್ವ, ಹುಡುಗರೂ ಅಂದಾರ — ಹುಡುಗರೂ, ನವೀದನ ಬ್ಯಾಚಿನವರು, ಅವನ ಜನಾಜಾಕ್ಕೆ ಹೆಗಲು ಕೊಟ್ಟವರು, ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಅವರ ಬೆನ್ನಿಗೂ ಕಲಿತ ಸಾಲ ಅಂಟಿಕೊಂಡಿದೆ, ಮನೆಯಲ್ಲಿ ತಂಗಿಯರಿದ್ದಾರೆ, ನವೀದ ಇದ್ದಿದ್ದರೆ ಅವನೂ ಹೂಂ ಅನ್ನುತ್ತಿದ್ದನೇನೋ, ಅಮ್ಮನ ಅಂಗಡಿಗೆ ಶಟರ್ ಹಾಕಿಸಬೇಕು ಅಕ್ಕಾರ ಎನ್ನುತ್ತಿದ್ದ, ಈ ಯೋಚನೆಯೇ ಎಲ್ಲಕ್ಕಿಂತ ಹೆಚ್ಚು ಇರಿಯಿತು. ನೀವು ಬ್ಯಾಡ ಅಂತ ಬರೀರಿ ಸರ್, ನಾ ಸಹಿ ಮಾಡೂದಿಲ್ಲ, ಅಂದಳು. ಪರಮಣ್ಣ ಅವಳ ಚಹಾ ಲೋಟವನ್ನು ಕೈಯಿಂದ ತೆಗೆದು ಕೆಳಗಿಟ್ಟರು, ನಾವಿಬ್ರೂ ನಮ್ಮ ಸಲುವಾಗಿ ಕುಂತಿಲ್ಲವ್ವ ಇಲ್ಲಿ, ಅವರು ಕಳಿಸ್ಯಾರ, ಕುಂತೀವಿ, ಅವರು ಹೂಂ ಅಂದ ಮ್ಯಾಲೆ ನಮ್ಮ ಕೈ ನಮ್ಮದಲ್ಲ, ಎಂದವರು ಸ್ವಲ್ಪ ತಡೆದು, ನನ್ನ ಜಲ್ಮದಾಗ ಇದು ಮೂರನೇ ಒಪ್ಪಂದ, ಪ್ರತಿ ಸಲ ಯಾವುದಾರ ಒಂದು ಹೆಣ ಮೇಜಿನ ಮ್ಯಾಲೆ ಬಿಟ್ಟ ಬಂದೀನಿ, ಅಂದು ಗೇರುಮರದ ಕಡೆ ತಿರುಗಿಕೊಂಡರು, ಒಳಗೆ ಹೋಗಿ ಅವಳು ಸಹಿ ಮಾಡಿದಳು, ಹಸಿರು ಸೀರೆಯವಳು ಕೈ ಕುಲುಕಿದಳು, ಆ ಕೈ ಬೆಚ್ಚಗಿತ್ತು, ಒಳ್ಳೆಯವಳೇ ಇರಬಹುದು ಅವಳೂ, ವಿಶ್ರಾಂತಿ ತಗೊಳ್ಳಿ ಕ್ಯಾಪ್ಟನ್, ತುಂಬ ದಣಿದಿದ್ದೀರಿ ಅಂದಳು.

ದಣಿವು, ಹೌದು, ಆದರೆ ಮರಿಯಮನಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು, ಕಾರು ತೆಗೆದಳು, ವೆರ್ಣಾ ದಾಟಿದ್ದು ನೆನಪಿದೆ, ಬೋರಿಯ ಸೇತುವೆ ನೆನಪಿಲ್ಲ, ಜುವಾರಿ ನದಿಯ ನೀರು ಎಡಕ್ಕೂ ಬಲಕ್ಕೂ ಇದ್ದಿರಬೇಕು, ಹಿಂದಿನವನು ಹಾರ್ನ್ ಹೊಡೆದಾಗ ಎಚ್ಚರಾಗಿ ನೋಡಿದರೆ ಸೇತುವೆ ಹಿಂದೆ ಉಳಿದಿತ್ತು, ಕಿಟಕಿ ಇಳಿಸಿ, ಗಟ್ಟಿಯಾಗಿ ತನ್ನ ಹೆಸರನ್ನೇ ತಾನು ಹೇಳಿಕೊಳ್ಳುತ್ತ ಫೋಂಡಾ ಮುಟ್ಟಿದಳು, ಸಂಜೆಯ ಮಾರ್ಕೆಟ್ಟು, ಮೀನಿನ ವಾಸನೆ, ಶೇವಂತಿಗೆ, ಬಳೆ ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು, ಅವರು ಹೋಗುವ ತನಕ ಕಂಬಕ್ಕೆ ಒರಗಿ ನಿಂತಳು. ಮರಿಯಮ ತಲೆಯೆತ್ತಿ, ಬಾರವ್ವ ಮೀನಾ, ಅಂದವಳು ಅವಳ ಮುಖ ನೋಡಿ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು, ಮೀನಾಳೇ ಹೇಳಬೇಕಾಯಿತು, ಆಗಲಿಲ್ಲ ಚಾಚಿ, ಬಿಟ್ಟಿವಿ, ನಾನೂ ಸಹಿ ಮಾಡೀನಿ. ಮರಿಯಮ ಕಡೆಯ ಡಬ್ಬಿಯನ್ನೂ ಮುಚ್ಚಿದಳು. ಆಮೇಲೆ, ಬೋರಿ ಮ್ಯಾಲೆ ಬಂದ್ಯಾ, ಅಂದಳು. ಹೂಂ. ನಿನ್ನಿ ರಾತ್ರಿ ವಿಮಾನ ಇತ್ತೇನ? ಹೂಂ. ಮಲಗಿದ್ಯಾ? ಮೀನಾ ಒರಗಿದ್ದ ಕಂಬದಿಂದ ನೆಟ್ಟಗಾದಳು. ಗಾಡಿ ಚಾವಿ ಕೊಡು. ಚಾಚಿ, ಮನಿ ಇಲ್ಲೇ ಅದ, ಹೋಗ್ತೀನಿ. ಕೊಡು ಅಂದೆ. ದನಿ ಏರಿರಲಿಲ್ಲ, ಆದರೆ ಪಕ್ಕದ ಹೂವಿನವಳು ತಿರುಗಿ ನೋಡಿದಳು, ಮೀನಾ ಚಾವಿ ತೆಗೆದು ಆ ಚಾಚಿದ ಅಂಗೈಯಲ್ಲಿ ಇಟ್ಟಳು, ಬೆರಳುಗಳು ಮುಚ್ಚಿಕೊಂಡವು, ಅಷ್ಟು ಬಿಗಿಯಾಗಿ ಮುಚ್ಚಿಕೊಂಡವು, ಹೋಗು ಒಳಗ ಚಾಪಿ ಅದ ಬೀಳು, ಅನ್ನುತ್ತಿತ್ತು ಬಾಯಿ, ಎಚ್ಚರಾದ ಮ್ಯಾಲೆ ನೋಡೂಣು, ಅನ್ನುತ್ತಿತ್ತು, ಮೀನಾಗೆ ಮಾತು ಕೇಳುತ್ತಿರಲಿಲ್ಲ, ಅವಳು ಆ ಕೈಯನ್ನೇ ನೋಡುತ್ತಿದ್ದಳು, ಗೆಣ್ಣುಗಳು ಬಿಳಿಚಿದ ಆ ಮುಷ್ಟಿ, ಬೆರಳ ಸಂದಿಯಲ್ಲಿ ಚಾವಿಯ ಹಲ್ಲು ಚುಚ್ಚಿ ನಿಂತಿತ್ತು, ಚುಚ್ಚುತ್ತಿದ್ದರೂ ಬಿಡದ ಮುಷ್ಟಿ, ಆ ಮುಷ್ಟಿ —