ಮುಂದಿನ ಚಕ್ರದ ಬಣ್ಣ

ಕೊರಿಯರ್ ಕಂಪನಿಯ ಸೂಪರ್‌ವೈಸರನ್ನು ಎಲ್ಲರೂ ಟಾರ್ಚು ಅಂತಲೇ ಕರೆಯುತ್ತಾರೆ. ಹಾಡುಹಗಲಲ್ಲಿ ಟಾರ್ಚು ಹಿಡಿದು ಗಾಡಿ ನೋಡುವ ಮನುಷ್ಯ. ಕೆಲಸ ಕೇಳಿಕೊಂಡು ಹೋದರೆ ನನ್ನ ಬೈಕಿನ ಬ್ರೇಕು ನೋಡಲಿಲ್ಲ, ಇಂಜಿನ್ ಸದ್ದು ಕೇಳಲಿಲ್ಲ. ಬೂಟಿನ ತುದಿಯಿಂದ ಮುಂದಿನ ಚಕ್ರಕ್ಕೆ ತಟ್ಟಿದ. ಬಣ್ಣದ ಚಕ್ಕೆಯೊಂದು ಉದುರಿತು.

"ಇದೇನಪ್ಪ, ಕಜ್ಜಿ ಹತ್ತಿದ ನಾಯಿ ಥರ ಇದೆ? ಇದರಲ್ಲಿ ಕಂಪನಿ ಹೆಸರು ಹೊತ್ಕೊಂಡು ತಿರುಗ್ತೀಯಾ? ಸೋಮವಾರ ಎರಡೂ ಚಕ್ರ ನೀಟಾಗಿ ತಂದು ತೋರಿಸು. ಇಲ್ದಿದ್ರೆ ನಿನ್ ಹಿಂದೆ ಇನ್ನೂ ಜನ ಇದಾರೆ."

ಪಾರ್ಸೆಲ್ಲು ಹೊತ್ತು ಓಡುವುದು ಚಕ್ರ ಕಣಯ್ಯಾ, ಅದರ ಬಣ್ಣ ಅಲ್ಲ. ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಈ ಕೆಲಸ ಸಿಗದಿದ್ದರೆ ಭಾವನ ಗೋದಾಮಿಗೆ ಹೋಗಿ ಮೂಟೆ ಹೊರಬೇಕು, ಪ್ರತಿ ಮೂಟೆಗೂ ಒಂದು ಸಲ "ಓದಿದ್ರೆ ಹೀಗಾಗ್ತಿತ್ತಾ" ಅನ್ನಿಸಿಕೊಳ್ಳಬೇಕು. ಅಕ್ಕನಿಗಂತೂ ಈ ಕೆಲಸವೇ ಬೇಡ. "ನೀನು ಬೆಳಿಗ್ಗೆ ಹೋಗಿ ರಾತ್ರಿ ಬಂದ್ರೆ ಅಪ್ಪನ್ನ ಯಾರೋ ನೋಡ್ಕೊಳ್ಳೋದು? ಗೋದಾಮಾದ್ರೆ ಜೊತೆಗೇ ಕರ್ಕೊಂಡ್ ಬಂದು ಕೂರಿಸ್ಕೋಬಹುದು" ಅನ್ನುತ್ತಾಳೆ. ಅಪ್ಪನಿಗೆ ಅಲ್ಪಸ್ವಲ್ಪ ಮರೆವು, ಅಷ್ಟೇ. ಆ ವಯಸ್ಸಿಗೆ ಯಾರಿಗಿಲ್ಲ? "ಅವರು ಆರಾಮಾಗಿದಾರೆ, ನೀನು ಸುಮ್ನಿರು" ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಚಕ್ರಕ್ಕೆ ಏನು ಬಳಿಯುವುದು ಅಂತ ತಲೆ ಕೆಡಿಸಿಕೊಂಡೆ. ಪೌಡರ್ ಕೋಟಿಂಗ್ ಮಾಡಿಸಿದರೆ ಕಲ್ಲು ಬಿದ್ದರೂ ಏಳುವುದಿಲ್ಲವಂತೆ. ಆದರೆ ಟೈರು, ಬೇರಿಂಗು ಎಲ್ಲ ಬಿಚ್ಚಿ ಒಲೆಯೊಳಗೆ ಬೇಯಿಸಬೇಕು, ಅವರು ಹೇಳಿದ ರೇಟಿಗೆ ಬೈಕನ್ನೇ ಮಾರಬೇಕು. ಸ್ಪ್ರೇ ಡಬ್ಬಿ ಅಗ್ಗ, ಒಂದು ಹನಿ ಪೆಟ್ರೋಲು ಬಿದ್ದರೆ ಗೊಜ್ಜಾಗುತ್ತದೆ. ಇವೆರಡರ ನಡುವೆ ಉಳಿದದ್ದು ಥಿನ್ನರ್ ಜೊತೆಗೆ, ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಬಣ್ಣ. ಒಮ್ಮೆ ಬೆರೆಸಿದರೆ ಅವತ್ತೇ ಹೊಡೆದು ಮುಗಿಸಬೇಕು, ಮಿಕ್ಕಿದ್ದು ಕಲ್ಲಾಗುತ್ತದೆ. ಅದರ ಗಾಳಿ ಎದೆಗೆ ವಿಷ, ಮುಖವಾಡ ಬೇಕು. ಆದರೆ ಒಣಗಿತೆಂದರೆ ವರ್ಷಗಟ್ಟಲೆ ಜಗ್ಗುವುದಿಲ್ಲ. ಅದನ್ನೇ ತಂದೆ.

ಅಪ್ಪ ಡಬ್ಬಿ ತಿರುಗಿಸಿ ನೋಡಿದರು. ಜೀವಮಾನವಿಡೀ ಗೇಟು, ಕಿಟಕಿ ಸರಳುಗಳಿಗೆ ಬಣ್ಣ ಬಳಿದ ಮನುಷ್ಯ.

"ಎನಾಮಲ್ ಹೊಡಿಯೋ. ನಾನು ಹೊಡೆದ ಗೇಟುಗಳು ಇನ್ನೂ ನಿಂತಿವೆ."

"ಗೇಟು ಓಡಾಡಲ್ಲ ಅಪ್ಪ."

"ಹೌದೌದು, ನೀನು ಭಾರಿ ಓಡಾಡೋನು."

ಶನಿವಾರ ಚಕ್ರ ಬಿಚ್ಚಿ, ಟೈರಿನ ಗಾಳಿ ಬಿಟ್ಟು, ಅಂಚಿಗೆ ಕಾಗದ ಸಿಕ್ಕಿಸಿ, ಹಳೇ ಬಣ್ಣ ಉಜ್ಜಿ ಉಜ್ಜಿ ಉಗುರು ಸವೆಸಿಕೊಂಡೆ. ಎರಡಕ್ಕೂ ಅಡಿಪದರವಾಗಿ ಬೂದು ಬಣ್ಣದ ಪ್ರೈಮರ್ ಬಳಿದು, ಸ್ಪ್ರೇ ಗನ್ ತರಲು ಗ್ಯಾರೇಜಿಗೆ ಹೋದೆ. ಗ್ಯಾರೇಜಿನವನು ಈಗ ಕೊಟ್ಟೆ ಆಗ ಕೊಟ್ಟೆ ಅಂತ ಕತ್ತಲಾಗುವವರೆಗೂ ಕಾಯಿಸಿದ. ಅಪ್ಪ ಮನೆಯಲ್ಲಿ ಒಬ್ಬರೇ ಇದ್ದರು.

ಬೆಳಿಗ್ಗೆ ತಾರಸಿಯ ಮೇಲೆ ಗನ್ ಹಿಡಿದಾಗ ಮುಂದಿನ ಚಕ್ರ ಕೊಂಚ ಹೆಚ್ಚು ಹೊಳೆಯುತ್ತಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ. ಹಿಂದಿನ ಚಕ್ರಕ್ಕೆ ಹೊಡೆದ ಕಪ್ಪು ಕನ್ನಡಿಯ ಹಾಗೆ ಕೂತಿತು. ಮುಂದಿನದಕ್ಕೆ ಹೊಡೆದು ಮುಖವಾಡ ತೆಗೆಯುವಷ್ಟರಲ್ಲಿ, ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ, ಬಣ್ಣವೆಲ್ಲ ಸುಕ್ಕುಗಟ್ಟಿ ಎದ್ದಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಪೇಂಟ್ ಅಂಗಡಿಯವನು ಕಳಪೆ ಮಾಲು ಕಟ್ಟಿದ್ದಾನೆ ಅಂತ ಚಕ್ರ ಹೆಗಲಿಗೆ ಹಾಕಿಕೊಂಡು ಹೊರಟೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. "ನಾನು ಮಾತಾಡ್ತೀನಿ ತಡಿ. ಅವರಪ್ಪನ ಕಾಲದಿಂದ ಅಲ್ಲೇ ಬಣ್ಣ ತಗೊಂಡಿದೀನಿ, ನಮಗೇ ಟೋಪಿ ಹಾಕ್ತಾನಾ?"

ನನ್ನ ಕೂಗಾಟ ಮುಗಿದ ಮೇಲೆ ಅಂಗಡಿಯವನು ಸುಕ್ಕಿನ ಮೇಲೆ ಉಗುರು ಗೀರಿ ನೋಡಿದ. ಕಪ್ಪಿನ ಕೆಳಗೆ ರಬ್ಬರಿನಂಥ ಬೂದು ಪದರ ಎದ್ದುಬಂತು.

"ಇದು ನಮ್ಮ ಪ್ರೈಮರ್ ಅಲ್ಲ. ಕೆಳಗೆ ಎನಾಮಲ್ ಇದೆ. ಅದೂ ಹಸಿ. ಯಾರು ಬಳಿದದ್ದು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹಣೆ ಚಚ್ಚಿಕೊಂಡರು. "ಅಯ್ಯೋ ದಡ್ಡ ಮುಂಡೇದೇ! ಎನಾಮಲ್ ಮೇಲೆ ಥಿನ್ನರ್ ಬಣ್ಣ ಹೊಡಿತಾರೇನೋ? ಚಿಕ್ಕೋನಿದ್ದಾಗಿಂದ ಬಡ್ಕೊಂಡಿದೀನಿ. ಅಡೀಲಿರೋದನ್ನ ತಿಂದುಹಾಕುತ್ತೆ ಅಂತ ಹೇಳಿರ್ಲಿಲ್ವಾ?" ಅಂಗಡಿಯವನ ಕಡೆ ತಿರುಗಿದರು. "ತಪ್ಪು ನಿಮ್ದಲ್ಲ ಬಿಡಿ. ಇವನಿಗೆ ಅವಸರ. ಓದೋದರಲ್ಲೂ ಹೀಗೇ."

ನನ್ನ ಕಡೆ ಚಾಚಿದ ಅವರ ಬೆರಳಿನ ಉಗುರು ಸಂದಿಯಲ್ಲಿ ಬೂದು ಬಣ್ಣ ಒಣಗಿತ್ತು.

ಅವರು ನಾಟಕ ಆಡುತ್ತಿರಲಿಲ್ಲ. ಮುಖವನ್ನೇ ನೋಡಿದೆ. ಮುಚ್ಚಿಟ್ಟವರ ಮುಖ ಅಲ್ಲ ಅದು. ನಿನ್ನೆ ನಾನಿಲ್ಲದಾಗ ಅಟ್ಟದ ಮೇಲಿನ ಹಳೇ ಡಬ್ಬಿ ಇಳಿಸಿ, ಮಗನಿಗೊಂದು ಉಪಕಾರವಾಗಲಿ ಅಂತ ಬಳಿದು, ಬ್ರಷ್ ತೊಳೆದಿಟ್ಟು, ಮರೆತೇಬಿಟ್ಟಿದ್ದರು. ಕಲಿತ ವಿದ್ಯೆಯೆಲ್ಲ ನೆನಪಿದೆ, ನಿನ್ನೆ ಇಲ್ಲ. ಯಾರ ಮೇಲೆ ಕೂಗಲಿ?

"ತಪ್ಪಾಯ್ತಪ್ಪ" ಅಂದೆ.

"ಆಯ್ತು ಬಿಡು. ಇನ್ನೊಂದ್ಸಲ ಕೇಳ್ಕೊಂಡ್ ಮಾಡು."

ಮನೆಗೆ ಬರುವಷ್ಟರಲ್ಲಿ ಬಟ್ಟಲಿನಲ್ಲಿ ಮಿಕ್ಕಿದ್ದ ಬಣ್ಣ ಕಲ್ಲಾಗಿತ್ತು. ಇನ್ನೊಂದು ಡಬ್ಬಿಗೆ ಜೇಬಿನಲ್ಲಿ ಏನೂ ಇರಲಿಲ್ಲ. ಇಬ್ಬರೂ ಕೂತು ಲೋಹ ಕಾಣುವವರೆಗೂ ಚಕ್ರ ಕೆರೆದೆವು, ಪ್ರೈಮರ್ ಹಾಕಿದೆವು. ಸಂಜೆ ಅಪ್ಪ ಕಪ್ಪು ಎನಾಮಲ್ ತೆಗೆದರು. ಅದು ಬೇಡ ಅನ್ನಲು ನನ್ನ ಹತ್ತಿರ ಬೇರೆ ಏನಿತ್ತು? ಅವರ ಕೈ ಸ್ವಲ್ಪವೂ ನಡುಗಲಿಲ್ಲ. ಬ್ರಷ್ಷಿನ ಒಂದು ಗೆರೆ ಕಾಣದ ಹಾಗೆ ಚಕ್ರದ ಕೈಗಳ ಸಂದುಗೊಂದಿಗೆಲ್ಲ ಬಳಿದರು. ನಾನು ಪಕ್ಕದಲ್ಲಿ ಕೂತು ನೋಡಿದೆ. ಅವರನ್ನು ಬಿಟ್ಟು ಎದ್ದು ಹೋಗಲು ಧೈರ್ಯ ಬರಲಿಲ್ಲ.

ಸೋಮವಾರ ಅವರನ್ನು ಹಿಂದೆ ಕೂರಿಸಿಕೊಂಡೇ ಹೋದೆ.

ಟಾರ್ಚು ಎರಡೂ ಚಕ್ರಕ್ಕೆ ಬೆಳಕು ಬಿಟ್ಟು ನೋಡಿದ. "ಪರವಾಗಿಲ್ವೇ! ಮುಂದಿಂದಂತೂ ಶೋರೂಮ್ ಥರ ಇದೆ. ಎಲ್ಲಿ ಮಾಡಿಸ್ದೆ?"

"ಮನೇಲೇ."

"ಪಾಸು. ನಾಳೆ ಬೆಳಿಗ್ಗೆ ಆರಕ್ಕೆ ಬಾ." ಎಂದವನೇ ಫಿಟ್ಟರಿಗೆ ಸನ್ನೆ ಮಾಡಿದ. ಫಿಟ್ಟರು ಪಾರ್ಸೆಲ್ಲು ತುಂಬುವ ದೊಡ್ಡ ಕೆಂಪು ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟು ಬೋಲ್ಟು ಬಿಗಿಯತೊಡಗಿದ. ಅಪ್ಪ ಬಾಗಿ ಚಕ್ರದ ಹತ್ತಿರ ಕಾವಲು ನಿಂತರು. "ಸ್ಪ್ಯಾನರ್ ಬೀಳಿಸ್ಬೇಡಪ್ಪ, ಬಣ್ಣ ಇನ್ನೂ ಎಳೇದು."

"ಸಾರ್, ಅಪ್ಪ ಹಗಲೊತ್ತು ಇಲ್ಲೇ ಒಂದು ಮೂಲೇಲಿ ಕೂತಿರಬಹುದಾ? ಏನೂ ತೊಂದ್ರೆ ಕೊಡಲ್ಲ."

"ಇದೇನು ಶಿಶುವಿಹಾರ ಅಂದ್ಕೊಂಡ್ಯಾ?" ಟಾರ್ಚು ನಕ್ಕ. ನಕ್ಕವನ ಕೊರಳಪಟ್ಟಿ ಹಿಡಿಯಲು ಕೈ ಎದ್ದಿತು. ಎದ್ದ ಕೈಯನ್ನು ಪೆಟ್ಟಿಗೆಯ ಮೇಲಿಟ್ಟೆ.

"ಬಿಚ್ಚಿಬಿಡಿ ಸಾರ್ ಇದನ್ನ."

"ಯಾಕೋ?"

"ಅಪ್ಪ ಕೂರಬೇಕು."

"ಇವತ್ತೊಂದಿನ ಆಟೋದಲ್ಲಿ ಕಳ್ಸು ಮಾರಾಯ."

"ಇವತ್ತೊಂದಿನ ಅಲ್ಲ ಸಾರ್. ದಿನಾ ನನ್ ಜೊತೆ ಗೋದಾಮಿಗೆ ಬರ್ಬೇಕು" ಅಂದೆ.

ಫಿಟ್ಟರು ಇಬ್ಬರ ಮುಖ ನೋಡಿ, ಬಿಗಿದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಚಕ್ರಕ್ಕೆ ಏನೂ ತಾಗಲಿಲ್ಲವಲ್ಲ ಅಂತ ಅಪ್ಪ ಸಮಾಧಾನದಿಂದ ತಲೆಯಾಡಿಸಿದರು.