ಕೆಳಗಿನಿಂದ ನೋಡಿದ ಸಮುದ್ರ

ಸಮುದ್ರವೇ ಇಲ್ಲದ ಊರಲ್ಲಿ ಕುಳಿತು ಸಮುದ್ರದ ಲೆಕ್ಕ ಮಾಡುವವರಿಗೆ ಜನ ಏನೇನು ಅನ್ನುತ್ತಾರೋ ಅದನ್ನೆಲ್ಲ ಹುಮಾ ಐದು ವರ್ಷಗಳಿಂದ ಕೇಳಿಸಿಕೊಂಡಿದ್ದಳು. ಬೈರಿದೇವರಕೊಪ್ಪದ ಅವಳ ಓಣಿಯಲ್ಲಿ ‘ಮೀನಿನ ಡಾಕ್ಟರ್’ ಎಂದು ಕರೆದವರೂ ಉಂಟು. ಅವಳು ಯಾರಿಗೂ ಸೊಪ್ಪು ಹಾಕಿದವಳಲ್ಲ. ಗಾಳಿ ಬೀಸಿದರೆ ಸಮುದ್ರದ ನೀರು ಯಾವ ಕಡೆ, ಎಷ್ಟು ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಿಂದ ಹೇಳಿಸುವುದು ಅವಳ ಪಿಎಚ್‌ಡಿ ಕೆಲಸ. ನೀರು ಗಾಳಿ ಹೇಳಿದಂತೆ ನೆಟ್ಟಗೆ ಹೋಗುವ ವಿಧೇಯ ಪ್ರಾಣಿಯಲ್ಲ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಅರಬ್ಬಿ ಸಮುದ್ರದಲ್ಲಿ ಅದು ಗಾಳಿಯ ಬಲಗಡೆಗೆ ವಾಲುತ್ತದೆ. ಅವಳ ಇಡೀ ಪ್ರಬಂಧ ಆ ವಾಲಿಕೆಯ ಮೇಲೆ ನಿಂತಿತ್ತು.

ಇವತ್ತು ಧಾರವಾಡದ ಗಣಿತ ವಿಭಾಗದಲ್ಲಿ ಕೊನೆಯ ಪರೀಕ್ಷೆ. ದಾಟಿದರೆ ಪದವಿ, ಇಲ್ಲದಿದ್ದರೆ ಪ್ರಬಂಧ ವಾಪಸು. ಮಂಗಳೂರಿನ ಪರೀಕ್ಷಕರು ಮೊದಲೇ ಬರೆದು ಕಳಿಸಿದ್ದರು: ‘ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ನೀರಿನಲ್ಲಿ ತೋರಿಸಿ.’ ಕಡಲ ದಂಡೆಯ ಮನುಷ್ಯ, ಬಯಲುಸೀಮೆಯವರ ಸಮುದ್ರಜ್ಞಾನದ ಮೇಲೆ ಅಷ್ಟು ಅನುಮಾನ ಸಹಜವೇ.

ನೀರಿನಲ್ಲಿ ತೋರಿಸಲು ತಿರುಗುವ ತೊಟ್ಟಿ ಬೇಕು. ಹುಮಾ ಅಪ್ಪನಿಗೆ ಹೇಳಿದಳು. ಶರೀಫಸಾಬ ನಲವತ್ತು ವರ್ಷಗಳಿಂದ ಫ್ಯಾನ್ ವೈಂಡಿಂಗ್ ಮಾಡಿಕೊಂಡು ಬಂದವನು.

“ಗಡಿಯಾರದ ಮುಳ್ಳಿಗೆ ಉಲ್ಟಾ ತಿರಗಬೇಕ್ರಿ ಅಬ್ಬಾ, ಸಾವಕಾಶ.”

“ಅಷ್ಟs ಏನವಾ?” ಎಂದು ಆತ ಹಳೆಯ ಲಾರಿಯೊಂದರ ವೈಪರ್ ಮೋಟಾರಿಗೆ ಬೆಲ್ಟು ಹಾಕಿ, ಕಬ್ಬಿಣದ ಮೇಜಿನ ಕೆಳಗೆ ಕೂರಿಸಿದ. ಮೇಜಿನ ಮೇಲೆ ಅಗಲವಾದ ದುಂಡು ತೊಟ್ಟಿ. ಅಂಚಿಗೆ ಗಾಳಿ ಬೀಸಲು ಪುಟ್ಟ ಬ್ಯಾಟರಿ ಫ್ಯಾನು. ಮೇಲೆ ತೊಟ್ಟಿಯ ಜೊತೆಗೇ ಸುತ್ತುವ ಕ್ಯಾಮೆರಾ, ಅದರ ಚಿತ್ರ ಗೋಡೆಯ ಪರದೆಗೆ. ಕ್ಯಾಮೆರಾವೂ ಸುತ್ತುವುದರಿಂದ ಪರದೆಯಲ್ಲಿ ತೊಟ್ಟಿ ನಿಂತಂತೆಯೇ ಕಾಣುತ್ತದೆ.

ಮೇಜು ಸಿದ್ಧವಾದದ್ದೇ ಇವತ್ತು ಬೆಳಿಗ್ಗೆ. ಹುಮಾ ಪರೀಕ್ಷಕರನ್ನು ಕರೆತರಲು ಹೋದಾಗ ಶರೀಫಸಾಬನೇ ಮೋಟಾರು ಚಾಲೂ ಮಾಡಿದ. ನೀರು ತೊಟ್ಟಿಯ ಜೊತೆ ಒಂದೇ ಸಮ ಸುತ್ತಬೇಕಾದರೆ ಅರ್ಧ ತಾಸು ಬೇಕು. ಅವಳು ಬಂದಾಗ ಎಲ್ಲರೂ ಪರದೆಯ ಮುಂದೆ ಕುಳಿತಿದ್ದರು, ಅಪ್ಪ ಕೊನೆಯ ಸಾಲಿನಲ್ಲಿ. ಹುಮಾ ನೆನೆಸಿದ ಮಂಡಕ್ಕಿಯನ್ನು ನೀರಿಗೆ ಬಿಟ್ಟಳು. ನೆನೆದ ಮಂಡಕ್ಕಿ ನೀರಿನ ಮಟ್ಟದಲ್ಲೇ ತೇಲುತ್ತದೆ, ನೀರು ಹೋದಲ್ಲಿ ಹೋಗುತ್ತದೆ. ಕಣ್ಣು ಪರದೆಯ ಮೇಲಿಟ್ಟೇ ಫ್ಯಾನಿನ ಗುಂಡಿ ಒತ್ತಿದಳು.

ಮಂಡಕ್ಕಿ ಹೊರಟಿತು. ಎಡಕ್ಕೆ.

ಸಭೆಯಲ್ಲಿ ಯಾರೋ ಕೆಮ್ಮಿದರು. ಮಾರ್ಗದರ್ಶಕಿ ಪ್ರಭಾವತಿ ಮೇಡಂ ಹತ್ತಿರ ಬಂದು ಪಿಸುಗುಟ್ಟಿದರು. “ಪ್ರೋಗ್ರಾಮಿನಾಗ ಎಲ್ಲೋ ಒಂದು ಮೈನಸ್ ತಪ್ಪಿರಬೇಕು. ಒಪ್ಪಿಕೊಂಡುಬಿಡು. ಮೂರು ತಿಂಗಳ ಟೈಮ್ ಕೇಳೋಣ.”

“ಯಾವುದು ಸರಿ?” ಪರೀಕ್ಷಕರು ಕೇಳಿದರು. “ನಿಮ್ಮ ಲೆಕ್ಕವೋ, ನಿಮ್ಮ ನೀರೋ?”

“ಲೆಕ್ಕ ಸರಿ ಐತ್ರಿ ಸರ್,” ಎಂದಳು ಹುಮಾ. ಆ ಲೆಕ್ಕವನ್ನು ಅವಳು ಅಂಗೈಗೆರೆಯಷ್ಟು ಬಲ್ಲಳು. ಪರದೆ ಬಿಟ್ಟು ಮೇಜಿನ ಕಡೆ ತಿರುಗಿದಳು. ತೊಟ್ಟಿ ಗಡಿಯಾರದ ಮುಳ್ಳಿನಂತೆಯೇ ಸುತ್ತುತ್ತಿತ್ತು.

“ಅಬ್ಬಾ, ಇದು ಉಲ್ಟಾ ತಿರಗಬೇಕಾಗಿತ್ತಲ್ರಿ.”

ಶರೀಫಸಾಬ ಎದ್ದು ಬಂದು, ಪಂಚೆ ಎತ್ತಿ ಕಟ್ಟಿ, ಮೇಜಿನ ಕೆಳಗೆ ನುಸುಳಿ ಅಂಗಾತ ಮಲಗಿದ. “ಉಲ್ಟಾನs ತಿರಗಾಕತ್ತೈತಲ್ಲವಾ. ಬಂದು ನೋಡು.”

ಹುಮಾ ಬಗ್ಗಿ ನೋಡಿದಳು. ಕೆಳಗಿನಿಂದ ನೋಡಿದರೆ ಉಲ್ಟಾ. ಚಾವಣಿಯ ಫ್ಯಾನನ್ನು ಯಾರು ಮೇಲಿನಿಂದ ನೋಡುತ್ತಾರೆ? ನಲವತ್ತು ವರ್ಷ ತಲೆಯೆತ್ತಿಯೇ ಫ್ಯಾನು ತಿರುಗುವುದನ್ನು ನೋಡಿದ ಮನುಷ್ಯ, ಇದನ್ನೂ ಹಾಗೆಯೇ ನೋಡಿದ್ದ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

“ಮ್ಯಾಲಿಂದ ನೋಡಬೇಕಾಗಿತ್ರಿ,” ಎಂದಳು ಮೆಲ್ಲಗೆ. ಅಪ್ಪನ ಮುಖ ಇಷ್ಟೇ ಇಷ್ಟಾಯಿತು. ಎಡಕ್ಕೆ ಹೋದ ಮಂಡಕ್ಕಿಗಿಂತ ಅದು ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಅವಳು ಎದ್ದು ನಿಂತಳು. “ಸರ್, ಭೂಮಿನ್ನ ಉತ್ತರದ ತುದಿಯಿಂದ ನೋಡಿದ್ರ ಗಡಿಯಾರಕ್ಕ ಉಲ್ಟಾ ತಿರಗತೈತಿ. ದಕ್ಷಿಣದ ತುದಿಯಿಂದ ನೋಡಿದ್ರ ಗಡಿಯಾರದಂಗ. ಈಗ ನೀವು ನೋಡಿದ್ದು ದಕ್ಷಿಣದ ಸಮುದ್ರ. ಅಲ್ಲಿ ನೀರು ಎಡಕ್ಕs ಹೋಗಬೇಕು.”

“ಆದದ್ದಕ್ಕೆ ಕಾರಣ ಹೊಂದಿಸುವುದು ಎಲ್ಲರಿಗೂ ಬರುತ್ತದೆ,” ಎಂದರು ಪರೀಕ್ಷಕರು. “ಆಗಲಿರುವುದನ್ನು ಹೇಳಿ.”

ಹುಮಾ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದಳು: ಬಲಕ್ಕೆ, ಮೂವತ್ತು ಡಿಗ್ರಿ. “ಈ ತೊಟ್ಟಿಗೆ ನನ್ನ ಲೆಕ್ಕ ಇಷ್ಟು ಹೇಳತೈತ್ರಿ. ಮೋಟಾರು ಉಲ್ಟಾ ಮಾಡಸ್ತೇನಿ. ಹಿಂಗ ಬರಲಿಲ್ಲಂದ್ರ ಪ್ರಬಂಧ ನಾನs ವಾಪಸ್ ತೊಗೋತೇನ್ರಿ.”

“ಹಠ ಬ್ಯಾಡ ಹುಮಾ,” ಎಂದು ಮೇಡಂ ಅವಳ ಮೊಣಕೈ ಹಿಡಿದರು. ಅವಳು ನಕ್ಕಳು, ಅಷ್ಟೇ.

ಮೋಟಾರು ಉಲ್ಟಾ ಮಾಡಲು ಎರಡು ವೈರು ಅದಲುಬದಲು ಮಾಡಿದರೆ ಸಾಕು, ಕಣ್ಣು ಮುಚ್ಚಿ ಮಾಡುವ ಕೆಲಸ. ಶರೀಫಸಾಬ ವೈರು ಬಿಚ್ಚಿ ಕೈಯಲ್ಲಿ ಹಿಡಿದವನು ಸುಮ್ಮನೆ ಕುಳಿತ. ಬೋರ್ಡಿನ ಮೇಲೆ ಬರೆದದ್ದು ಅವನಿಗೆ ತಿಳಿಯದು. ಮಗಳು ಐದು ವರ್ಷದ ಓದನ್ನು ಪಣಕ್ಕಿಟ್ಟದ್ದು ಮಾತ್ರ ಚೆನ್ನಾಗಿ ತಿಳಿದಿತ್ತು.

“ಕೂಡಸ್ಲೇನವಾ?”

“ಕೂಡಸ್ರಿ ಅಬ್ಬಾ.”

ಕೂಡಿಸಿದ, ಟೇಪು ಸುತ್ತಿದ. ಈ ಸಲ ಎದ್ದು ನಿಂತು ಮೇಲಿನಿಂದಲೂ ನೋಡಿದ. ತೊಟ್ಟಿ ಹೊಸ ದಿಕ್ಕಿಗೆ ಹೊರಟಿತು. ನೀರು ಹಳೆಯ ಸುತ್ತು ಮರೆತು ಹೊಸದಕ್ಕೆ ಒಗ್ಗಬೇಕು, ಮತ್ತೆ ಅರ್ಧ ತಾಸು. ಚಹಾ ಬಂತು. ಹುಮಾ ತನ್ನದನ್ನು ಆರುವ ಮೊದಲೇ ಕುಡಿದು ಮುಗಿಸಿದಳು. ಮೇಡಂ ಕಪ್ಪಿನ ಮೇಲೆ ಕೆನೆ ಕಟ್ಟಿತು.

ಹುಮಾ ಹೊಸ ಮಂಡಕ್ಕಿ ಬಿಟ್ಟು ಗುಂಡಿ ಒತ್ತಿದಳು. ಅದು ಮೊದಲು ಗಾಳಿಯ ಜೊತೆ ಒಂದು ಗೇಣು ನೆಟ್ಟಗೆ ಹೋಯಿತು. ಮೇಡಂ ಕಣ್ಣು ಮುಚ್ಚಿದರು. ಆಮೇಲೆ ನಿಧಾನಕ್ಕೆ, ಯಾರ ಅವಸರಕ್ಕೂ ಕಿವಿಗೊಡದೆ, ಅದು ಬಲಕ್ಕೆ ವಾಲಿತು. ಪರೀಕ್ಷಕರು ತಾವೇ ಎದ್ದು ಪರದೆಗೆ ಕೋನಮಾಪಕ ಹಿಡಿದು ಅಳೆದರು. ಇಪ್ಪತ್ತೊಂಬತ್ತು. ಒಮ್ಮೆ ಬೋರ್ಡು ನೋಡಿದರು, ಒಮ್ಮೆ ಹುಡುಗಿಯನ್ನು ನೋಡಿದರು, ಮತ್ತೇನೂ ಕೇಳದೆ ಸಹಿ ಮಾಡಿದರು.

ಹೊರಡುವಾಗ ಮೇಜಿನ ಬಳಿ ಸಾಮಾನು ಬಿಚ್ಚುತ್ತಿದ್ದ ಶರೀಫಸಾಬನ ಹತ್ತಿರ ನಿಂತರು. “ವೈರು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಿರಿ. ಹೆದರಿಕೆ ಆಯಿತೇ?”

“ಆತ್ರಿ,” ಎಂದ ಶರೀಫಸಾಬ, ಕೈ ಒರೆಸಿಕೊಳ್ಳುತ್ತ. “ನನ್ನ ಮೋಟಾರಿಂದು ಹೆದರಿಕಿ. ಆಕಿ ಲೆಕ್ಕದ್ದಲ್ರಿ.”