ಎಣಿಸಬಾರದ ಕವರು

ತಿಂಗಳ ಮೊದಲ ಶುಕ್ರವಾರ ಬಂತೆಂದರೆ ಪುಟ್ಟಮಾದಮ್ಮನಿಗೆ ಹಬ್ಬ. ಬೆಳಿಗ್ಗೆ ಎದ್ದವಳೇ ತಲೆಗೆ ನೀರು ಹಾಕಿಕೊಂಡು, ಟ್ರಂಕಿನಿಂದ ಹಸಿರು ಸೀರೆ ತೆಗೆದುಟ್ಟು, ಸೊಸೆ ಸುಮಾಳಿಗೂ ಒಳ್ಳೆಯ ಸೀರೆ ಉಡುವಂತೆ ಗದರುತ್ತಿದ್ದಳು. ಮಗ ಶಿವರಾಮು ಬಾಗಿಲಲ್ಲಿ ಹಲ್ಲುಜ್ಜುತ್ತ, "ಏನವ್ವ, ಮದ್ವೆ ಮನೆಗೆ ಹೊಂಟಂಗದೆ?" ಎಂದು ರೇಗಿಸುವನು.

"ನಗು, ನಗು. ಲಕ್ಷ್ಮೀನ ಇಸ್ಕಳಕ್ಕೆ ಹೋಗೋರು ಅರಕ್ಲು ಬಟ್ಟೇಲಿ ಹೋದಾರ?" ಎನ್ನುತ್ತ ಅವಳು ಮಂಡಿ ಹಿಡಿದುಕೊಂಡೇ ಹೊಸ್ತಿಲು ದಾಟುವಳು.

ಅತ್ತೆ ಸೊಸೆ ಇಬ್ಬರೂ ಮಂಡಕಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ರಾಮಕೃಷ್ಣನಗರಕ್ಕೆ ಬರುತ್ತಾರೆ. ಅಲ್ಲಿ ಅನಂತಪದ್ಮನಾಭನ ಮನೆಯ ಹಿತ್ತಲಲ್ಲಿ ಶೀಟು ಹೊದಿಸಿದ ಒಂದು ಶೆಡ್ಡಿದೆ. ಊದುಬತ್ತಿ, ಕರ್ಪೂರ, ಹೂಬತ್ತಿ, ಅರಿಶಿನ ಕುಂಕುಮ ಎಲ್ಲವನ್ನೂ ತೂಗಿ, ಪ್ಯಾಕು ಮಾಡಿ ಅಂಗಡಿಗಳಿಗೆ ಕಳಿಸುವ ಕೆಲಸ. ಆರು ಜನ ಹೆಂಗಸರು ಬೆಳಿಗ್ಗೆ ನೆಲದ ಮೇಲೆ ಕೂತರೆ ಏಳುವುದು ಊಟಕ್ಕೆ, ಆಮೇಲೆ ಸಂಜೆಗೆ. ಸುತ್ತಮುತ್ತಲಿನ ಎಷ್ಟೋ ಮನೆಗಳ ದೇವರ ಮುಂದೆ ಉರಿಯುವುದು ಇವರ ಕೈಹಾಯ್ದ ಬತ್ತಿಯೇ.

ಅನಂತಪದ್ಮನಾಭ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆಯಲ್ಲಿ ಯಜಮಾನ ಬಂದ ಕೂಡಲೇ ಮೀಸೆ ತಿರುವುವ ದುಷ್ಟನನ್ನು ಹುಡುಕುವ ಅಭ್ಯಾಸ ನಮಗಿದೆ. ಅವನ ತಾತ ಅರಮನೆಯಲ್ಲಿ ಪೂಜೆಯ ಉಗ್ರಾಣ ನೋಡಿಕೊಂಡಿದ್ದವರು. ಇವನು ಗಟ್ಟಿಯಾಗಿ ಮಾತಾಡಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿಲ್ಲ. ಕೆಲಸದ ಹೆಂಗಸರನ್ನು 'ಅಮ್ಮ' ಎಂದೇ ಕರೆಯುತ್ತಾನೆ. ಸಂಬಳ ಕೊಡುವುದನ್ನೂ ಅವನು ಒಂದು ಪೂಜೆಯನ್ನಾಗಿ ಮಾಡಿಕೊಂಡಿದ್ದ.

ಶೆಡ್ಡಿನ ಗೋಡೆಗೆ ಲಕ್ಷ್ಮಿಯ ಪಟ, ಅದರ ಮುಂದೆ ದೀಪ, ದೀಪದ ಪಕ್ಕ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಮೂಲೆಗೆ ಅರಿಶಿನ ಹಚ್ಚಿ ಬಾಯಿ ಅಂಟಿಸಿದ ಕವರುಗಳು. ಮಂಗಳಾರತಿಯಾದ ಮೇಲೆ ಒಬ್ಬೊಬ್ಬರೇ ಹೋಗಿ ಸೆರಗೊಡ್ಡಿ ಕವರು ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ಅಲ್ಲಿ ಬಿಚ್ಚುವಂತಿಲ್ಲ, ದಾರಿಯಲ್ಲಿಯೂ ಬಿಚ್ಚುವಂತಿಲ್ಲ. ಮನೆಗೆ ಹೋಗಿ ದೀಪ ಹಚ್ಚಿದ ಮೇಲೆಯೇ ಬಿಚ್ಚಬೇಕು. ಕೊಟ್ಟವರೆದುರು ಎಣಿಸಿದರೆ ಲಕ್ಷ್ಮಿಗೆ ಅವಮಾನ, ಆಮೇಲೆ ಅವಳು ಆ ಕೈಯಲ್ಲಿ ನಿಲ್ಲುವುದಿಲ್ಲ ಎಂದು ನಂಬಿಕೆ. ಈ ಮಾತನ್ನು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ಸಂಬಳ ಕೊಡುವವರೇ ಇರಬೇಕು, ತೆಗೆದುಕೊಳ್ಳುವವರಂತೂ ಅಲ್ಲ.

ಏಕೆಂದರೆ ಮನೆಯಲ್ಲಿ ಬಿಚ್ಚಿದಾಗ ಗೊತ್ತು ಮಾಡಿದ ಒಂಬತ್ತು ಸಾವಿರ ಅದರಲ್ಲಿ ಎಂದೂ ಇರುತ್ತಿರಲಿಲ್ಲ. ಒಂದು ತಿಂಗಳು ಐನೂರು ಕಡಿಮೆ, ಇನ್ನೊಂದು ತಿಂಗಳು ಎಂಟುನೂರು. ಒಂದೇ ಒಂದು ರಜೆ ಹಾಕದ ತಿಂಗಳೂ ಕಡಿಮೆಯೇ. ಏಕೆಂದು ಹೇಳುವವರಿಲ್ಲ. ಬರುವುದೆಷ್ಟೆಂದು ಗೊತ್ತಿದ್ದರೆ ಬಡವರು ಹೇಗೋ ತೂಗಿಸುತ್ತಾರೆ, ಅದು ಅವರಿಗೆ ರೂಢಿ. ಗೊತ್ತಿಲ್ಲದಿದ್ದಾಗ ಅಂಗಡಿಯವನ ಮುಂದೆ ನಿಂತು ಬೇಳೆ ಒಂದು ಕೆಜಿ ಅನ್ನಬೇಕೋ ಅರ್ಧ ಅನ್ನಬೇಕೋ ಎಂದು ಬಾಯಿ ತಡವರಿಸುತ್ತದೆ. ತಿಂಗಳ ಕೊನೆ ಹತ್ತಿರವಾದಂತೆ ಸುಮಾಳಿಗೆ ಊಟ ಸೇರುತ್ತಿರಲಿಲ್ಲ.

"ಎತ್ತಿಟ್ಟಿರ್ತಾರೆ ಬುಡವ್ವ," ಎನ್ನುವಳು ಪುಟ್ಟಮಾದಮ್ಮ.

"ಯಾರು ಅತ್ತೆ?"

"ಇನ್ಯಾರು, ಯಜಮಾನ್ರು. ನಿಮ್ಮಾವ ಸತ್ತಾಗ ತಿಥಿಗೆ ಅಂತ ಐದು ಸಾವ್ರ ಕೈಗಿಟ್ರು ಕಣೆ. ನಾನು ಕೇಳೂ ಇರ್ಲಿಲ್ಲ. ಅಂಥೋರು ನಮ್ ಕೂಲಿ ತಿಂದಾರ? ನಮ್ ಕೈಲಿ ದುಡ್ಡು ನಿಲ್ಲಾಕಿಲ್ಲ ಅಂತ ಅವ್ರೇ ಕೂಡಿಡ್ತಾವ್ರೆ. ಈ ಮಂಡಿ ಪೂರಾ ಕೈಕೊಟ್ ದಿನ ಹೋಗಿ ಇಸ್ಕತೀನಿ. ಆಮೇಕೆ ಕೆಲ್ಸ ಬುಟ್ಟು ಕಾಲು ನೀಡ್ಕಂಡು ಕೂತ್ಕತೀನಿ."

"ಕೂಡಿಡ್ತಾ ಇದೀನಿ ಅಂತ ಅವರು ಬಾಯಿಬಿಟ್ಟು ಹೇಳವ್ರಾ?"

"ದೊಡ್ಡೋರು ಹೇಳ್ಕಂಡು ಮಾಡಾಕಿಲ್ಲ ಕಣೆ."

ಗಂಡ ಮಂಟಯ್ಯ ಸತ್ತು ನಾಲ್ಕು ವರ್ಷ. ಆ ನಾಲ್ಕು ವರ್ಷವೂ ಅವಳು ಕಡಿಮೆ ಬಂದ ಪ್ರತಿ ನೋಟನ್ನೂ ತನ್ನ ಮುಪ್ಪಿನ ಗಂಟಿಗೆ ಸೇರಿಸಿಕೊಂಡೇ ಬಂದಿದ್ದಳು. ದೊಡ್ಡಾಸ್ಪತ್ರೆಯ ಡಾಕ್ಟರು, "ನೆಲದ ಮೇಲೆ ಕೂರೋದು ಇವತ್ತಿಗೇ ನಿಲ್ಲಿಸಬೇಕಮ್ಮ, ಇಲ್ಲಾಂದ್ರೆ ನಡೆಯೋದೇ ನಿಂತುಹೋಗುತ್ತೆ" ಎಂದು ಹೇಳಿಯಾಗಿತ್ತು. "ಇನ್ನೆಲ್ಡು ತಿಂಗ್ಳು ತಡೀರಿ ಸಾ, ದುಡ್ಡು ಒಸಿ ಸೇರ್ಲಿ" ಎಂದು ಅವರಿಗೇ ಸಮಾಧಾನ ಹೇಳಿ ಬಂದಿದ್ದಳು. ಸುಮಾಳ ಎದೆಯೊಳಗೆ ಕೂತಿದ್ದ ಹೆದರಿಕೆ ಇದೇ. ಆ ಗಂಟು ಇಲ್ಲವೇ ಇಲ್ಲದಿದ್ದರೆ? ಕೇಳಿದರೆ ಅತ್ತೆಯ ಎದೆ ಒಡೆಯುತ್ತದೆ, ಕೇಳದಿದ್ದರೆ ಕಾಲು ಹೋಗುತ್ತದೆ.

ಕೊನೆಗೊಂದು ಮಧ್ಯಾಹ್ನ ಅವಳು ಅತ್ತೆಗೆ ಹೇಳದೆ ಅನಂತಪದ್ಮನಾಭನ ಮುಂದೆ ಹೋಗಿ ನಿಂತಳು. "ಸರ್, ಸಂಬಳದಲ್ಲಿ ಏನೇನಕ್ಕೆ ಹಿಡೀತೀರಿ ಅಂತ ಒಂಚೂರು ಹೇಳ್ತೀರಾ?"

ಅವನ ಮುಖ ನೊಂದಿತು. ನಿಜವಾಗಿಯೂ ನೊಂದಿತು. "ಏನಮ್ಮ ಸುಮಾ, ನನ್ನ ಮೇಲೇ ಅನುಮಾನವಾ? ಕರೆಂಟಿದೆ, ಟೀ ಇದೆ, ಮುರಿದ ಬತ್ತಿ ಇದೆ, ನೀವು ಲೇಟಾಗಿ ಬರೋದಿದೆ. ಲೆಕ್ಕ ಎಲ್ಲ ನನ್ನ ತಲೇಲಿದೆ. ಒಂದೊಂದೂ ಹೇಳ್ತಾ ಕೂತರೆ ನಿಮಗೇ ಬೇಜಾರಾಗುತ್ತೆ."

"ಬೇಜಾರಾಗಲ್ಲ ಸರ್. ಬತ್ತಿಗೆ ಇಷ್ಟು ಅಂತ ಗೊತ್ತಾದ್ರೆ ಮುರೀದಂಗೆ ನೋಡ್ಕೋತೀವಿ. ಲೇಟಿಗೆ ಇಷ್ಟು ಅಂತ ಗೊತ್ತಾದ್ರೆ ಮುಂಚಿನ ಬಸ್ಸಿಗೆ ಬರ್ತೀವಿ. ಏನೂ ಗೊತ್ತಿಲ್ಲದೆ ಎಂಗೆ ಸರಿಮಾಡ್ಕೊಳ್ಳೋದು?"

"ನಿಮ್ಮತ್ತೆ ಒಂದು ದಿನಾನೂ ಕೇಳಿಲ್ಲಮ್ಮ," ಎಂದು ಅವನು ನಿಟ್ಟುಸಿರಿಟ್ಟು ಒಳಗೆ ಹೋದ.

ಮುಂದಿನ ತಿಂಗಳು ಇಬ್ಬರ ಕವರೂ ಇನ್ನಷ್ಟು ಹಗುರವಾಗಿದ್ದವು. ಕೇಳಿದ್ದಕ್ಕೆ ಹಾಗಾಯಿತೋ, ಅಥವಾ ಆ ತಿಂಗಳ ಬತ್ತಿಯೇ ಹೆಚ್ಚು ಮುರಿದಿತ್ತೋ, ಯಾರಿಗೆ ಗೊತ್ತು? ಕಾರಣ ಹೇಳದೆ ಕತ್ತರಿಸುವ ಪದ್ಧತಿಯ ಜಾಣತನವೇ ಇದು. ಶಿಕ್ಷೆ ಯಾವುದು, ಲೆಕ್ಕ ಯಾವುದು ಎಂದು ತಿಳಿಯದ ಮನುಷ್ಯ ಸುಮ್ಮಸುಮ್ಮನೆ ಹೆದರುತ್ತಾನೆ.

"ನಂಗೇಳ್ದಂಗೆ ಹೋಗಿ ಬಾಯಿ ಬುಟ್ಟೆ. ಮಾಲಕ್ಷ್ಮಿ ಮುನಿಸ್ಕಂಡ್ಲು," ಎಂದು ಪುಟ್ಟಮಾದಮ್ಮ, ಸುಮಾ ನಡೆದದ್ದನ್ನು ಹೇಳಿದೊಡನೆ, ಅವಳ ಮೇಲೆ ಹರಿಹಾಯ್ದಳು. ಬಾಡಿಗೆ ಗೂಡ್ಸ್ ಆಟೋ ಓಡಿಸುವ ಶಿವರಾಮು ತಲೆ ತಗ್ಗಿಸಿ ಹೇಳಿದ, "ನನ್ ಗಾಡಿಗೆ ಒಂದಿನ ಬಾಡಿಗೆ ಬಂದ್ರೆ ಮೂರ್ ದಿನ ಬರಾಕಿಲ್ಲ. ನಿಮ್ಮಿಬ್ರು ಕೆಲ್ಸನೂ ಹೋದ್ರೆ ಏನ್ ಮಾಡಾನೆ?"

ಅದಾಗಿ ಎರಡು ವಾರಕ್ಕೆ, ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದರು, ಪುಟ್ಟಮಾದಮ್ಮ ಏಳಲಿಲ್ಲ. ನಕ್ಕು, "ತಡೀರವ್ವ" ಎಂದಳು. ಮತ್ತೆ ಪ್ರಯತ್ನಪಟ್ಟಳು. ಆಮೇಲೆ ನಗು ನಿಂತಿತು. ಸುಮಾ ಒಂದು ಕಡೆ, ಜೊತೆಯ ಮಾದೇವಮ್ಮ ಒಂದು ಕಡೆ ಹಿಡಿದು ಎತ್ತಿದಾಗ ಅವಳು ಹಲ್ಲು ಕಚ್ಚಿಕೊಂಡು ಅತ್ತಳು.

"ಸಾಕು ಕಣೆ. ನಡಿ, ಕೇಳೇ ಬುಡಾನ," ಎಂದಳು.

ಮನೆಯ ಮುಂದಿನ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿದರು. ಅನಂತಪದ್ಮನಾಭ ಹೊರಗೆ ಬಂದ. ಅವನ ಹೆಂಡತಿ ರಮಾಮಣಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಳು.

"ಬುದ್ಧಿ, ಇನ್ನು ಕೂರಕ್ಕಾಗಾಕಿಲ್ಲ. ನನ್ ದುಡ್ಡು ಕೊಟ್ಬುಡಿ, ಮಂಡಿ ತೋರಿಸ್ಕತೀನಿ."

"ಯಾವ ದುಡ್ಡು ಪುಟ್ಟಮ್ಮ?"

"ಅದೇ ಬುದ್ಧಿ, ತಿಂಗ್ಳು ತಿಂಗ್ಳು ನೀವು ನಂಗೆ ಕೂಡಿಟ್ಟಿರೋದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ, ಕೂಡಿಡೋದೆಲ್ಲಿ ಬಂತಮ್ಮ? ಅದೆಲ್ಲ ಖರ್ಚಿಗೆ ಹಿಡಿದಿದ್ದು. ಜೊತೆಗೆ ಮಂಟಯ್ಯನ ತಿಥಿಗೆ ಕೊಟ್ಟಿದ್ದೆನಲ್ಲ, ಅದೂ ಅದರಲ್ಲೇ ಮುರೀತಾ ಇದೆ. ಇನ್ನೂ ಸ್ವಲ್ಪ ಬಾಕಿ ಇರಬೇಕು."

"ಏನೂಂದ್ರೆ, ನಾಲ್ಕು ವರ್ಷ ಆಯ್ತಲ್ಲ?" ಎಂದಳು ರಮಾಮಣಿ, ಬಾಗಿಲಿನಿಂದಲೇ, ಮೆಲ್ಲಗೆ. ಗಂಡ ತಿರುಗಿ ನೋಡಿದ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ಓದುಗರೇ, ಐದು ಸಾವಿರ ತೀರಲು ನಾಲ್ಕು ವರ್ಷ ಸಾಲದೆಂಬ ಗಣಿತವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಅವನು ಸುಳ್ಳು ಹೇಳುತ್ತಿದ್ದನೆಂದೂ ನನಗನ್ನಿಸುವುದಿಲ್ಲ. ಲೆಕ್ಕ ತಲೆಯಲ್ಲಿತ್ತು, ಕೇಳುವವರಿರಲಿಲ್ಲ, ತಲೆ ತನಗೆ ಬೇಕಾದಂತೆ ಕಳೆದುಕೊಂಡಿತು. ಕೇಳಬಾರದೆಂಬ ಸಂಪ್ರದಾಯವಿದ್ದಲ್ಲಿ ಒಳ್ಳೆಯವನೂ ಕಳ್ಳನಾಗುತ್ತಾನೆ, ಅದೂ ತನಗೇ ಗೊತ್ತಿಲ್ಲದ ಹಾಗೆ.

ಬಸ್ಸು ಮಂಡಕಳ್ಳಿ ಹತ್ತಿರ ಬಂದಾಗ ಪುಟ್ಟಮಾದಮ್ಮ, "ಅಂಗಾರೆ ನಿಮ್ಮಾವನ ತಿಥಿ ನಮ್ ದುಡ್ನಲ್ಲೇ ಆಯ್ತು ಅನ್ನು," ಎಂದಳು. ಸುಮಾ ಅತ್ತೆಯ ಕೈ ಹಿಡಿದುಕೊಂಡಳು. ಆ ಕೈಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು, ಎಷ್ಟು ತೊಳೆದರೂ ಹೋಗದ್ದು.

ಒಂದು ದಿನವೂ ರಜೆ ಹಾಕದೆ ಪುಟ್ಟಮಾದಮ್ಮ ಆ ತಿಂಗಳು ಮುಗಿಸಿದಳು. ಮತ್ತೆ ಮೊದಲ ಶುಕ್ರವಾರ ಬಂತು. ಈ ಸಲ ಅತ್ತೆಗೆ ಹಬ್ಬವಿರದು ಎಂದುಕೊಂಡಿದ್ದಳು ಸುಮಾ. ಆದರೆ ಅವಳು ಎದ್ದು ತಲೆಗೆ ನೀರು ಹಾಕಿಕೊಂಡಿದ್ದಳು, ಹಸಿರು ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಸುಮಾಳಿಗೆ ಒಂದೇ ಯೋಚನೆ. ಅತ್ತೆ ಕೈ ಮುಗಿದು ಕವರು ತರುತ್ತಾಳೆ, ಮತ್ತೆ ನೆಲದ ಮೇಲೆ ಕೂರುತ್ತಾಳೆ, ಒಂದು ದಿನ ಏಳುವುದೇ ಇಲ್ಲ.

ಸಂಜೆ ಮಂಗಳಾರತಿಯಾಯಿತು. ಹಿರಿಯಳೆಂದು ಪುಟ್ಟಮಾದಮ್ಮನನ್ನೇ ಮೊದಲು ಕರೆದರು. ಸೆರಗೊಡ್ಡಿದಳು, ಕವರು ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ಹಿಂದಕ್ಕೆ ಬರುವ ಬದಲು ಗೋಡೆ ಹಿಡಿದು, ಪಟದ ಮುಂದೆಯೇ ಮೆಲ್ಲಗೆ ಕೂತು, ಕವರಿನ ಬಾಯಿ ಹರಿದಳು.

"ಪುಟ್ಟಮ್ಮ!" ಎಂದ ಅನಂತಪದ್ಮನಾಭ. "ದೇವರ ಮುಂದೆ ಎಣಿಸಬಾರದಮ್ಮ."

"ಅವ್ಳ್ ಮುಂದೇ ಎಣಿಸ್ತೀನಿ ಬುದ್ಧಿ. ಅವ್ಳೇ ಸಾಕ್ಷಿ ಇರ್ಲಿ." ಒಂದೊಂದೇ ನೋಟು ತಟ್ಟೆಯಲ್ಲಿಡುತ್ತ ಗಟ್ಟಿಯಾಗಿ ಎಣಿಸಿದಳು. "ಏಳ್ ಸಾವ್ರದ ಒಂಬೈನೂರು. ಗೊತ್ತು ಮಾಡಿದ್ದು ಒಂಬತ್ತು. ಮಿಕ್ಕಿದ್ದು ಯಾತಕ್ಕೆ ಹೋಯ್ತು ಅಂತ ಒಂದು ಚೀಟೀಲಿ ಬರ್ಕೊಡಿ. ನಾಕು ವರ್ಸದ್ದೂ ಬರ್ಕೊಡಿ. ಅಲ್ಲೀಗಂಟ ಈ ಕವರು ಇಲ್ಲೇ ಇರ್ಲಿ."

"ನಿಮ್ಮ ಕಷ್ಟಕ್ಕೆ ಕೊಟ್ಟವನಿಗೆ ಹೀಗೆ ಮಾಡೋದಾ?"

"ಅವತ್ತೇ ಸಾಲ ಅಂದಿದ್ರೆ ಸಾಲ ಅಂತ ಇಸ್ಕಂಡು ತೀರಿಸ್ತಿದ್ದೆ ಬುದ್ಧಿ. ನಾಕು ವರ್ಸ ಕೈ ಮುಗ್ಯೋದು ಉಳೀತಿತ್ತು."

ಅವನ ಮುಖ ಕೆಂಪಾಯಿತು. ಮೊದಲ ಬಾರಿಗೆ ಅವನ ದನಿ ಏರಿತು. "ಹಾಗಾದರೆ ನಾಳೆಯಿಂದ ಬರೋದು ಬೇಡ. ಎದ್ದು ಹೋಗಿ."

"ಏಳಕ್ಕೆ ಮಂಡಿ ಎಲ್ಲೈತೆ? ನಿಮ್ ನೆಲದ ಮೇಲೆ ಕೂತೇ ಹೋಗಿರೋದು. ಬರ್ಕೊಡಿ, ಆಮೇಕೆ ನನ್ ಸೊಸೆ ಎತ್ಕಂಡೋಗ್ತಾಳೆ."

ಸುಮಾ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. ಮನೆಯ ಬಾಡಿಗೆ, ಬೇಳೆ, ಶಿವರಾಮುವಿನ ಮುಖ ಎಲ್ಲ ಕಣ್ಣ ಮುಂದೆ ಬಂದವು. ಆದರೂ ಕೂತಳು. ತಟ್ಟೆಯಲ್ಲಿ ಉಳಿದ ಕವರುಗಳನ್ನು ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಮಾದೇವಮ್ಮ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಯಜಮಾನನ ಕಡೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಹಿಂದೆ ಬಂದು ಕೂತಳು. ಅವಳ ಹಿಂದೆ ಉಳಿದ ಮೂವರೂ ಕೂತರು.

ಅನಂತಪದ್ಮನಾಭ ನಿಂತೇ ಇದ್ದ. ಹೊರಗೆ ಕತ್ತಲಾಗುತ್ತಿತ್ತು. ರಮಾಮಣಿ ಒಳಗಿನಿಂದ ಬಂದು, ಯಾರ ಮುಖವನ್ನೂ ನೋಡದೆ, ಒಂದು ಪೆನ್ನು ಮತ್ತು ಬಿಳಿ ಹಾಳೆ ಗಂಡನ ಮುಂದಿನ ಡಬ್ಬದ ಮೇಲೆ ಇಟ್ಟು ನಿಂತಳು. ಅವನು ಅದನ್ನು ಮುಟ್ಟಲಿಲ್ಲ. ಪಟದ ಮುಂದೆ ದೀಪ ಸಣ್ಣಗಾಗುತ್ತಿತ್ತು.

ಪುಟ್ಟಮಾದಮ್ಮ ನೋವಿನಲ್ಲೇ ಕಾಲು ಮುಂದಕ್ಕೆ ನೀಡಿಕೊಂಡಳು.

"ಸುಮಾ, ದೀಪಕ್ಕೆ ಒಸಿ ಎಣ್ಣೆ ಆಕವ್ವ," ಎಂದಳು. "ನಾಕು ವರ್ಸದ್ದು ಬರೀಬೇಕು, ಹೊತ್ತಾಗ್ತದೆ."